ಮೊಬೈಲ್ ಸಂಕೇತ, ತಂತ್ರಾಂಶ ನವೀಕರಣ ಮತ್ತು ಸೇವಾದಾತ ಸಂಸ್ಥೆಯೊಂದಿಗಿನ ಹೊಂದಾಣಿಕೆ: ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸರ್ಕಾರದ ಸೇವೆಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವಾಗ, ಅರ್ಜಿದಾರರ ಗುರುತನ್ನು ದೃಢಪಡಿಸಿಕೊಳ್ಳುವ ಸಲುವಾಗಿ ಅವರ ಮೊಬೈಲ್ ದೂರವಾಣಿಗೆ ಒಂದು ಬಾರಿಗೆ ಮಾತ್ರ ಬಳಸುವ ಗುಪ್ತಸಂಖ್ಯೆಯನ್ನು, ಅಂದರೆ ಒ.ಟಿ.ಪಿ.ಯನ್ನು, ಕಿರುಸಂದೇಶದ ಮೂಲಕ ಕಳುಹಿಸಲಾಗುತ್ತದೆ. ಸೇವಾ ಸಿಂಧು ಜಾಲತಾಣಕ್ಕೆ ಪ್ರವೇಶಿಸಲು, ಆಧಾರ್ ದೃಢೀಕರಣಕ್ಕೆ ಹಾಗೂ ಬ್ಯಾಂಕ್ ವ್ಯವಹಾರಗಳಿಗೆ ಈ ಸಂಖ್ಯೆಯು ಅಗತ್ಯವಾಗಿರುತ್ತದೆ. ಸಂದೇಶವು ನಿಗದಿತ ನಿಮಿಷಗಳೊಳಗೆ ಬಾರದಿದ್ದಲ್ಲಿ ಅರ್ಜಿಯು ಅರ್ಧದಲ್ಲಿಯೇ ನಿಲ್ಲುತ್ತದೆ.

ಇಂತಹ ಸಂದರ್ಭದಲ್ಲಿ ಅರ್ಜಿದಾರರು ತಮ್ಮ ಅರ್ಜಿಯೇ ತಿರಸ್ಕೃತವಾಗಿದೆಯೆಂದು ಭಾವಿಸಿ ಹಿಂದಿರುಗುವುದು, ಸಾಲ ಮಾಡಿ ಹೊಸ ದೂರವಾಣಿ ಖರೀದಿಸುವುದು ಅಥವಾ ಕೊನೆಯ ದಿನಾಂಕದ ಹಿಂದಿನ ದಿನ ಸಿಮ್ ಬದಲಾಯಿಸುವುದು ಉಂಟು. ಒ.ಟಿ.ಪಿ. ಬಾರದಿರುವುದಕ್ಕೂ ಅರ್ಜಿದಾರರ ಅರ್ಹತೆಗೂ ಯಾವುದೇ ಸಂಬಂಧವಿರುವುದಿಲ್ಲ. ಸಂದೇಶವು ಬಾರದಿರಲು ಸಾಮಾನ್ಯವಾಗಿ ಇರುವ ಕಾರಣಗಳು, ಅವುಗಳನ್ನು ಖರ್ಚಿಲ್ಲದೆ ಪರಿಶೀಲಿಸುವ ಕ್ರಮ ಹಾಗೂ ಮೊಬೈಲ್ ಇಲ್ಲದೆಯೂ ಸೇವೆ ಪಡೆಯುವ ಮಾರ್ಗಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಪರಿಶೀಲನೆಯ ಕ್ರಮ

ಸಂದೇಶವು ಬಾರದಿದ್ದಾಗ ಅರ್ಜಿದಾರರು ಈ ಕೆಳಕಂಡ ನಾಲ್ಕು ಅಂಶಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

(ಅ) ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಯು ಈಗಲೂ ಅರ್ಜಿದಾರರ ಬಳಿಯೇ ಚಾಲ್ತಿಯಲ್ಲಿದೆಯೇ?
(ಆ) ಅರ್ಜಿ ಸಲ್ಲಿಸುತ್ತಿರುವ ಸ್ಥಳದಲ್ಲಿ ಸಂಕೇತವು ದೊರೆಯುತ್ತಿದೆಯೇ?
(ಇ) ದೂರವಾಣಿ ಉಪಕರಣ ಮತ್ತು ಸಿಮ್, ಸೇವಾದಾತ ಸಂಸ್ಥೆಯ ಜಾಲಕ್ಕೆ ಹೊಂದಿಕೆಯಾಗುತ್ತವೆಯೇ?
(ಈ) ದೂರವಾಣಿಯ ತಂತ್ರಾಂಶವು ನವೀಕೃತವಾಗಿದೆಯೇ?

ಮೊದಲ ಎರಡು ಅಂಶಗಳ ಪರಿಶೀಲನೆಗೆ ಹಣ ವ್ಯಯವಾಗುವುದಿಲ್ಲ. ಅವುಗಳನ್ನು ಪರಿಶೀಲಿಸದೆ ಹೊಸ ಉಪಕರಣವನ್ನಾಗಲಿ, ಹೊಸ ಸಿಮ್ ಅನ್ನಾಗಲಿ ಪಡೆಯುವುದು ಸೂಕ್ತವಲ್ಲ.

3. ಮೊಬೈಲ್ ಸಂಖ್ಯೆ

ಆಧಾರ್‌ಗೆ ಸಂಬಂಧಿಸಿದ ಒ.ಟಿ.ಪಿ.ಯು ಆಧಾರ್‌ನಲ್ಲಿ ನೋಂದಾಯಿತವಾದ ಸಂಖ್ಯೆಗೆ ಮಾತ್ರ ಹೋಗುತ್ತದೆ. ಅರ್ಜಿದಾರರು ಈಗ ಬಳಸುತ್ತಿರುವ ಸಂಖ್ಯೆಗೆ ಅಲ್ಲ. ನೋಂದಣಿಯ ಸಮಯದಲ್ಲಿ ಮಗನ, ನೆರೆಯವರ ಅಥವಾ ಅಂಗಡಿಯವರ ಸಂಖ್ಯೆಯನ್ನು ನೀಡಿದ್ದಲ್ಲಿ ಸಂದೇಶವು ಅವರಿಗೇ ತಲುಪುತ್ತದೆ.

ಮುಂಗಡ ಪಾವತಿಯ ಸಂಖ್ಯೆಯನ್ನು 90 ದಿನಗಳ ಕಾಲ ಯಾವುದಕ್ಕೂ ಬಳಸದಿದ್ದಲ್ಲಿ ಹಾಗೂ ಖಾತೆಯಲ್ಲಿ ಕನಿಷ್ಠ 20 ರೂ. ಶಿಲ್ಕು ಇಲ್ಲದಿದ್ದಲ್ಲಿ ಸೇವಾದಾತ ಸಂಸ್ಥೆಯು ಅದನ್ನು ಸ್ಥಗಿತಗೊಳಿಸಬಹುದಾಗಿದೆ. ಸ್ಥಗಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳ ನಂತರ ಮತ್ತೊಬ್ಬ ಗ್ರಾಹಕರಿಗೆ ಹಂಚಿಕೆ ಮಾಡಲಾಗುತ್ತದೆ. ಬಿಟ್ಟುಹೋದ ಹಳೆಯ ಸಂಖ್ಯೆಯು ಆಧಾರ್ ಅಥವಾ ಬ್ಯಾಂಕ್ ಖಾತೆಯಲ್ಲಿ ಹಾಗೆಯೇ ಉಳಿದಿದ್ದಲ್ಲಿ, ಅರ್ಜಿದಾರರ ಗುಪ್ತಸಂಖ್ಯೆಯು ಅಪರಿಚಿತರ ಕೈ ಸೇರುತ್ತದೆ. ಆದುದರಿಂದ ಸಂಖ್ಯೆ ಬದಲಾದ ಕೂಡಲೇ ಆಧಾರ್ ನೋಂದಣಿ ಕೇಂದ್ರದಲ್ಲಿ ಹಾಗೂ ಬ್ಯಾಂಕಿನಲ್ಲಿ ಬದಲಾವಣೆಯನ್ನು ದಾಖಲಿಸತಕ್ಕದ್ದು. ಆಧಾರ್ ಕೇಂದ್ರದಲ್ಲಿ ಇದಕ್ಕೆ 2025ರ ಅಕ್ಟೋಬರ್ 1ರಿಂದ 75 ರೂ. ಶುಲ್ಕ ನಿಗದಿಯಾಗಿರುತ್ತದೆ. ಆಧಾರ್ ಸಹಾಯವಾಣಿ: 1947.

ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಿನಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದಾಗಿದೆ. ತಮಗೆ ಸೇರದ ಸಂಖ್ಯೆ ಕಂಡುಬಂದಲ್ಲಿ ಅಲ್ಲಿಯೇ ವರದಿ ಮಾಡಲು ಅವಕಾಶವಿದೆ.

4. ಸಂಕೇತ ದೊರೆಯುವಿಕೆ

4.1 ಭೌಗೋಳಿಕ ಕಾರಣಗಳು: ಶಿವಮೊಗ್ಗ ನಗರವು ತುಂಗಾ ನದಿಯ ದಡದಲ್ಲಿಯೂ, ಭದ್ರಾವತಿಯು ಭದ್ರಾ ನದಿಯ ಎರಡೂ ದಡಗಳಲ್ಲಿಯೂ ನೆಲೆಸಿವೆ. ಇವೆರಡರ ನಡುವಿನ ಅಂತರ ಸುಮಾರು 20 ಕಿ.ಮೀ. ಶಿವಮೊಗ್ಗದಿಂದ ತೀರ್ಥಹಳ್ಳಿ ಮಾರ್ಗವಾಗಿ ಗಾಜನೂರು, ಸಕ್ರೆಬೈಲು ಕಡೆಗೆ ಸಾಗಿದಂತೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು ಆರಂಭವಾಗುತ್ತದೆ. ಭದ್ರಾವತಿಯಿಂದ ಶಂಕರಘಟ್ಟ, ಬಿ.ಆರ್. ಪ್ರಾಜೆಕ್ಟ್ ಕಡೆಗೆ ಸಾಗಿದಂತೆ ಗುಡ್ಡ ಮತ್ತು ಅರಣ್ಯ ಎದುರಾಗುತ್ತವೆ. ಮೊಬೈಲ್ ಸಂಕೇತವು ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುವುದರಿಂದ, ಗುಡ್ಡದ ಮರೆಯಲ್ಲಿರುವ ಮನೆಗೆ ಗೋಪುರವು ಹತ್ತಿರದಲ್ಲಿದ್ದರೂ ಸಂಕೇತವು ತಲುಪದೆ ಇರಬಹುದು. ದಟ್ಟವಾದ ಎಲೆಗಳು, ವಿಶೇಷವಾಗಿ ಮಳೆಯಲ್ಲಿ ನೆನೆದ ಎಲೆಗಳು, ಸಂಕೇತವನ್ನು ಹೀರಿಕೊಳ್ಳುತ್ತವೆ. 2020-21ರಲ್ಲಿ ಆನ್‌ಲೈನ್ ತರಗತಿಗಳು ನಡೆದಾಗ ಮಲೆನಾಡಿನ ವಿದ್ಯಾರ್ಥಿಗಳು ಗುಡ್ಡಗಳನ್ನು ಹತ್ತಿ ಪಾಠ ಕೇಳಬೇಕಾಗಿ ಬಂದುದಕ್ಕೆ ಇದೇ ಕಾರಣ.

4.2 ಮಳೆ: ಮಳೆಯ ಹನಿಗಳಿಂದ ಮೊಬೈಲ್ ಸಂಕೇತವು ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಮೊಬೈಲ್ ಸೇವೆಗೆ ಬಳಸುವ ತರಂಗಾಂತರಗಳ ಮೇಲೆ ಮಳೆಯ ನೇರ ಪರಿಣಾಮವು ಅತ್ಯಲ್ಪ. ಮಳೆಗಾಲದಲ್ಲಿ ವಿದ್ಯುತ್ ಕಡಿತಗೊಂಡು ಗೋಪುರದ ಬ್ಯಾಟರಿ ಬರಿದಾಗುವುದು ಹಾಗೂ ಮರ ಬಿದ್ದು ಆಪ್ಟಿಕಲ್ ಫೈಬರ್ ತಂತಿ ತುಂಡಾಗುವುದು ಸೇವೆ ನಿಲ್ಲುವುದಕ್ಕೆ ಮುಖ್ಯ ಕಾರಣಗಳಾಗಿರುತ್ತವೆ. ಇಂತಹ ಸಂದರ್ಭದಲ್ಲಿ ದೂರವಾಣಿಯಲ್ಲಿ ಯಾವುದೇ ದೋಷವಿರುವುದಿಲ್ಲ.

4.3 ಕಟ್ಟಡ: ತಗಡಿನ ಮೇಲ್ಛಾವಣಿ ಮತ್ತು ಕಬ್ಬಿಣ ಬಳಸಿದ ಕಾಂಕ್ರೀಟ್ ತಾರಸಿ ಸಂಕೇತವನ್ನು ಹೆಚ್ಚಾಗಿ ತಡೆಯುತ್ತವೆ. ಹೆಂಚಿನ ಮನೆಯಲ್ಲಿ ಈ ತಡೆಯು ಕಡಿಮೆ. ಒಳಕೋಣೆಯಲ್ಲಿ ಸಂದೇಶ ಬಾರದಿದ್ದಲ್ಲಿ ಕಿಟಕಿಯ ಬಳಿ ಅಥವಾ ಮನೆಯ ಹೊರಗೆ ಬಂದು, ದೂರವಾಣಿಯ ‘ಏರೋಪ್ಲೇನ್ ಮೋಡ್’ ಅನ್ನು ಅರ್ಧ ನಿಮಿಷ ಚಾಲನೆಗೊಳಿಸಿ ನಂತರ ನಿಲ್ಲಿಸಿದಲ್ಲಿ, ದೂರವಾಣಿಯು ಹೊಸದಾಗಿ ಗೋಪುರವನ್ನು ಹುಡುಕಿಕೊಳ್ಳುತ್ತದೆ.

4.4 ತರಂಗಾಂತರ: ಎಲ್ಲ ತರಂಗಾಂತರಗಳೂ ಸಮಾನ ದೂರ ಸಾಗುವುದಿಲ್ಲ.

• 700, 850 ಮತ್ತು 900 ಮೆಗಾಹರ್ಟ್ಸ್: ಹೆಚ್ಚು ದೂರ ಸಾಗುತ್ತವೆ, ಗೋಡೆಗಳನ್ನು ಉತ್ತಮವಾಗಿ ದಾಟುತ್ತವೆ.
• 1800, 2100 ಮತ್ತು 2300 ಮೆಗಾಹರ್ಟ್ಸ್: ಹೆಚ್ಚು ಬಳಕೆದಾರರಿಗೆ ಸೇವೆ ನೀಡುತ್ತವೆ, ಸಾಗುವ ದೂರ ಕಡಿಮೆ.
• 3300 ಮೆಗಾಹರ್ಟ್ಸ್ ಶ್ರೇಣಿ: 5ಜಿ ಸೇವೆಯ ಅತಿ ಹೆಚ್ಚಿನ ವೇಗಕ್ಕೆ, ಸಾಗುವ ದೂರ ಇನ್ನೂ ಕಡಿಮೆ.

ನಗರದ ವೃತ್ತದಲ್ಲಿ 5ಜಿ ಎಂದು ತೋರಿಸುವ ದೂರವಾಣಿಯು ಮನೆಯೊಳಗೆ 4ಜಿ ಎಂದು ತೋರಿಸುವುದು ಸಹಜ. ಒ.ಟಿ.ಪಿ. ಸಂದೇಶಕ್ಕೆ 5ಜಿ ಸೇವೆಯ ಅಗತ್ಯವಿಲ್ಲ.

4.5 ಸಂಕೇತದ ಪ್ರಮಾಣ: ಪರದೆಯ ಮೇಲೆ ಕಾಣುವ ಗೀಟುಗಳ ಲೆಕ್ಕವನ್ನು ಆಯಾ ತಯಾರಕರೇ ನಿಗದಿಪಡಿಸಿರುವುದರಿಂದ, ಎರಡು ದೂರವಾಣಿಗಳ ಗೀಟುಗಳನ್ನು ಹೋಲಿಸುವುದು ಸರಿಯಲ್ಲ. ಹೆಚ್ಚಿನ ಆಂಡ್ರಾಯ್ಡ್ ದೂರವಾಣಿಗಳ ‘ಸೆಟ್ಟಿಂಗ್ಸ್’ನಲ್ಲಿ ಸಿಮ್ ಸ್ಥಿತಿಯ ಕೆಳಗೆ ಸಂಕೇತದ ಪ್ರಮಾಣವನ್ನು ಡಿಬಿಎಂ ಎಂಬ ಮಾನದಲ್ಲಿ ಋಣ ಸಂಖ್ಯೆಯಾಗಿ ತೋರಿಸಲಾಗುತ್ತದೆ. 4ಜಿ ಸೇವೆಯಲ್ಲಿ -90 ಅಥವಾ ಅದಕ್ಕಿಂತ ಉತ್ತಮ, ಅಂದರೆ -80, -70 ಇದ್ದಲ್ಲಿ ತೃಪ್ತಿಕರ. -105ರ ಆಸುಪಾಸಿನಲ್ಲಿದ್ದಲ್ಲಿ ದುರ್ಬಲ. -115ರ ಆಚೆಗೆ, ಅಂದರೆ -118, -120 ಇದ್ದಲ್ಲಿ ಸಂಪರ್ಕವು ಕಡಿದುಹೋಗುವ ಸಂಭವವಿದೆ.

5. ದೂರವಾಣಿ, ಸಿಮ್ ಮತ್ತು ಸೇವಾದಾತ ಸಂಸ್ಥೆಯ ಹೊಂದಾಣಿಕೆ

ದೇಶದಲ್ಲಿ ಮೊಬೈಲ್ ಸೇವೆಯು 1995ರ ಜುಲೈ 31ರಂದು ಆರಂಭವಾಯಿತು. ಸರ್ಕಾರಿ ಸ್ವಾಮ್ಯದ ಬಿ.ಎಸ್.ಎನ್.ಎಲ್. ಸಂಸ್ಥೆಯು 2002ರಲ್ಲಿ ಮೊಬೈಲ್ ಸೇವೆಯನ್ನು ಪ್ರಾರಂಭಿಸಿತು. ಅಂದಿನ 2ಜಿ ಕಾಲದಲ್ಲಿ ಜಿ.ಎಸ್.ಎಂ. ದೂರವಾಣಿಗೆ ಯಾವುದೇ ಜಿ.ಎಸ್.ಎಂ. ಸಂಸ್ಥೆಯ ಸಿಮ್ ಹಾಕಿದರೂ ಕರೆ ಮಾಡಲು ಸಾಧ್ಯವಿತ್ತು. ಇಂದು ಆ ಸ್ಥಿತಿಯಿಲ್ಲ. ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

(ಅ) ಜಿಯೋ ಸಂಸ್ಥೆಯು 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದಾಗಿನಿಂದ 2ಜಿ ಮತ್ತು 3ಜಿ ಜಾಲವನ್ನು ಹೊಂದಿಲ್ಲ. ಅದರಲ್ಲಿ ಕರೆಗಳು ವೋಲ್ಟಿ ವಿಧಾನದಲ್ಲಿ, ಅಂದರೆ 4ಜಿ ಜಾಲದ ಮೂಲಕವೇ, ಸಾಗುತ್ತವೆ. 2ಜಿ ಅಥವಾ 3ಜಿ ಮಾತ್ರ ಇರುವ ಹಳೆಯ ದೂರವಾಣಿಯಲ್ಲಿ ಈ ಸಂಸ್ಥೆಯ ಸಿಮ್ ಕಾರ್ಯ ನಿರ್ವಹಿಸುವುದಿಲ್ಲ.

(ಆ) ಏರ್‌ಟೆಲ್ ಸಂಸ್ಥೆಯು 2019-20ರ ಅವಧಿಯಲ್ಲಿ 3ಜಿ ಸೇವೆಯನ್ನು ಹಂತ ಹಂತವಾಗಿ ಹಿಂಪಡೆಯಿತು. ಕೇವಲ 3ಜಿವರೆಗಿನ ಸ್ಮಾರ್ಟ್‌ಫೋನ್‌ನಲ್ಲಿ ಈ ಸಂಸ್ಥೆಯ ಸಿಮ್ ಇದ್ದಲ್ಲಿ 2ಜಿ ಮೂಲಕ ಕರೆ ಮತ್ತು ಕಿರುಸಂದೇಶ ದೊರೆಯುತ್ತವೆ; ಅಂತರ್ಜಾಲವು ಅತ್ಯಂತ ನಿಧಾನವಾಗಿರುತ್ತದೆ. ಅರ್ಜಿಯ ಪುಟ ತೆರೆಯದಿದ್ದರೂ ಒ.ಟಿ.ಪಿ. ಬರುವುದು ಇದರಿಂದಲೇ.

(ಇ) ಬಿ.ಎಸ್.ಎನ್.ಎಲ್. ಸಂಸ್ಥೆಯ ದೇಶೀಯ ತಂತ್ರಜ್ಞಾನದ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಲಾಯಿತು. ಇದು 700 ಮತ್ತು 2100 ಮೆಗಾಹರ್ಟ್ಸ್ ತರಂಗಾಂತರಗಳನ್ನು ಬಳಸುತ್ತದೆ. ದೂರದ ಹಳ್ಳಿಗಳಿಗೆ ಉಪಯುಕ್ತವಾದ 700 ಮೆಗಾಹರ್ಟ್ಸ್ ಸೇವೆಯನ್ನು ಪಡೆಯಲು ದೂರವಾಣಿಯಲ್ಲಿ ‘ಬ್ಯಾಂಡ್ 28’ ಇರತಕ್ಕದ್ದು. ಹಳೆಯ 2ಜಿ, 3ಜಿ ಸಿಮ್ ಹೊಂದಿರುವವರು ಅದನ್ನು 4ಜಿ ಸಿಮ್‌ಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ, ಸಂಖ್ಯೆಯು ಬದಲಾಗುವುದಿಲ್ಲ.

(ಈ) ವಿದೇಶದಿಂದ ತಂದ ದೂರವಾಣಿಯಲ್ಲಿ ಇಲ್ಲಿನ ಬ್ಯಾಂಡ್‌ಗಳು ಅಥವಾ ಇಲ್ಲಿನ ಸಂಸ್ಥೆಯ ವೋಲ್ಟಿ ವ್ಯವಸ್ಥೆ ಇಲ್ಲದಿರಬಹುದು. ಅಂತಹ ದೂರವಾಣಿಯಲ್ಲಿ ಅಂತರ್ಜಾಲವು ದೊರೆತರೂ ಕರೆ ಬಾರದಿರುವ ಸಾಧ್ಯತೆಯಿದೆ. ಕೊಡುಗೆಯಾಗಿ ಬಂದ ದೂರವಾಣಿಯನ್ನು ಬಳಸುವ ಹಿರಿಯ ನಾಗರಿಕರು ಈ ಅಂಶವನ್ನು ಪರಿಶೀಲಿಸಿಕೊಳ್ಳುವುದು.

ಬ್ಯಾಂಡ್‌ಗಳ ವಿವರವು ದೂರವಾಣಿಯ ಪೆಟ್ಟಿಗೆಯ ಮೇಲೆ, ಕೈಪಿಡಿಯಲ್ಲಿ ಅಥವಾ ತಯಾರಕರ ಜಾಲತಾಣದಲ್ಲಿ ಇರುತ್ತದೆ. 850 ಮೆಗಾಹರ್ಟ್ಸ್‌ಗೆ ಬ್ಯಾಂಡ್ 5, 900ಕ್ಕೆ ಬ್ಯಾಂಡ್ 8, 1800ಕ್ಕೆ ಬ್ಯಾಂಡ್ 3, 2100ಕ್ಕೆ ಬ್ಯಾಂಡ್ 1 ಹಾಗೂ 2300ಕ್ಕೆ ಬ್ಯಾಂಡ್ 40 ಎಂದು ನಮೂದಿಸಲಾಗಿರುತ್ತದೆ.

ಬಳಸಿದ ದೂರವಾಣಿ ಖರೀದಿಸುವವರು: *#06# ಒತ್ತಿದಲ್ಲಿ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯು ಪರದೆಯ ಮೇಲೆ ಬರುತ್ತದೆ. ಇಂಗ್ಲಿಷ್‌ನಲ್ಲಿ ‘ಕೆ ವೈ ಎಂ’ ಅಕ್ಷರಗಳನ್ನು ಬರೆದು, ಒಂದು ಸ್ಥಳ ಬಿಟ್ಟು, ಈ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿದಲ್ಲಿ ದೂರವಾಣಿಯ ವಿವರವು ದೊರೆಯುತ್ತದೆ. ಕಳುವಾಗಿದೆಯೆಂದು ದಾಖಲಾದ ದೂರವಾಣಿಯನ್ನು ಎಲ್ಲ ಜಾಲಗಳಿಂದಲೂ ನಿರ್ಬಂಧಿಸಲಾಗುವುದರಿಂದ, ಹಣ ಪಾವತಿಸುವ ಮೊದಲೇ ಈ ಪರಿಶೀಲನೆ ಮಾಡತಕ್ಕದ್ದು.

6. ತಂತ್ರಾಂಶ ನವೀಕರಣ

ದೂರವಾಣಿಯಲ್ಲಿ ಯಂತ್ರಭಾಗವಿದ್ದ ಮಾತ್ರಕ್ಕೆ ಸೇವೆಯು ದೊರೆಯುವುದಿಲ್ಲ. ಆ ಸೇವೆಯನ್ನು ಬಳಸಲು ತಂತ್ರಾಂಶವು ಅನುವು ಮಾಡಿಕೊಡಬೇಕಾಗುತ್ತದೆ. ಇದಕ್ಕೆ 2022ರ ನಿದರ್ಶನವನ್ನು ಗಮನಿಸಬಹುದು. ಆ ವರ್ಷ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಸೇವೆಗೆ ಚಾಲನೆ ದೊರೆತಾಗ, 5ಜಿ ಎಂದೇ ಮಾರಾಟವಾಗಿದ್ದ ಅನೇಕ ದೂರವಾಣಿಗಳಲ್ಲಿ ಸೇವೆಯು ಲಭ್ಯವಾಗಲಿಲ್ಲ. ಕೇಂದ್ರ ಸರ್ಕಾರವು ಅದೇ ತಿಂಗಳು ತಯಾರಕರು ಮತ್ತು ಸೇವಾದಾತ ಸಂಸ್ಥೆಗಳೊಂದಿಗೆ ಸಭೆ ನಡೆಸಿ ನವೀಕರಣವನ್ನು ಶೀಘ್ರಗೊಳಿಸುವಂತೆ ಸೂಚಿಸಿತು. ಐಫೋನ್‌ಗಳಿಗೆ ಡಿಸೆಂಬರ್ ತಿಂಗಳ ಐ.ಓ.ಎಸ್. 16.2 ಆವೃತ್ತಿಯಿಂದ ಈ ಸೇವೆ ದೊರೆಯಿತು. ಉಪಕರಣವನ್ನು ಬದಲಾಯಿಸದೆ, ಕೇವಲ ನವೀಕರಣದಿಂದಲೇ ತೊಂದರೆಯು ನಿವಾರಣೆಯಾಯಿತು.

ನವೀಕರಣ ಮಾಡುವಾಗ ಅನುಸರಿಸಬೇಕಾದ ಕ್ರಮ:

1. ಛಾಯಾಚಿತ್ರ, ದೂರವಾಣಿ ಸಂಖ್ಯೆಗಳು ಹಾಗೂ ದಾಖಲೆಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳುವುದು.
2. ಬ್ಯಾಟರಿಯು ಕನಿಷ್ಠ ಅರ್ಧದಷ್ಟು ತುಂಬಿರುವುದನ್ನು ಖಚಿತಪಡಿಸಿಕೊಳ್ಳುವುದು. ವಿದ್ಯುತ್ ಕಡಿತದ ಸಮಯದಲ್ಲಿ ಆರಂಭಿಸದಿರುವುದು.
3. ಸಾಧ್ಯವಿದ್ದಲ್ಲಿ ವೈಫೈ ಸಂಪರ್ಕ ಬಳಸುವುದು.
4. ‘ಸೆಟ್ಟಿಂಗ್ಸ್’ನಲ್ಲಿರುವ ‘ಸಾಫ್ಟ್‌ವೇರ್ ಅಪ್‌ಡೇಟ್’ ಮೂಲಕ ಮಾತ್ರ ನವೀಕರಿಸುವುದು. ಸಂದೇಶದಲ್ಲಿ ಅಥವಾ ವಾಟ್ಸ್‌ಆಪ್‌ನಲ್ಲಿ ಬಂದ ಕೊಂಡಿಯನ್ನು ಒತ್ತಬಾರದು.
5. ನವೀಕರಣದ ನಂತರ ಸಂಕೇತವು ಕಡಿಮೆಯಾದಲ್ಲಿ ದೂರವಾಣಿಯನ್ನು ಒಮ್ಮೆ ಆರಿಸಿ ಮತ್ತೆ ಚಾಲನೆಗೊಳಿಸುವುದು. ‘ಮೊಬೈಲ್ ನೆಟ್‌ವರ್ಕ್’ ವಿಭಾಗದಲ್ಲಿ ಜಾಲದ ಆಯ್ಕೆ ಮತ್ತು ವೋಲ್ಟಿ ಚಾಲನೆಯಲ್ಲಿವೆಯೇ ಎಂದು ನೋಡುವುದು. ಆಗಲೂ ಸರಿಯಾಗದಿದ್ದಲ್ಲಿ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಬಳಸಬಹುದು. ಇದರಿಂದ ವೈಫೈ ಗುಪ್ತಪದಗಳು ಅಳಿಸಿಹೋಗುತ್ತವೆ, ಛಾಯಾಚಿತ್ರಗಳು ಅಳಿಸಿಹೋಗುವುದಿಲ್ಲ.

ಅರ್ಜಿಯ ಕೊನೆಯ ದಿನದಂದು ನವೀಕರಣವನ್ನು ಆರಂಭಿಸದಿರುವುದು ಸೂಕ್ತ.

ತಯಾರಕರು ಪ್ರತಿ ಮಾದರಿಗೂ ಕೆಲವು ವರ್ಷಗಳವರೆಗೆ ಮಾತ್ರ ನವೀಕರಣ ನೀಡುತ್ತಾರೆ. ಆ ಅವಧಿ ಮುಗಿದ ದೂರವಾಣಿಯಲ್ಲಿ ಕರೆ ಮತ್ತು ಕಿರುಸಂದೇಶಗಳು ಮುಂದುವರಿದರೂ, ಬ್ಯಾಂಕ್ ಮತ್ತು ಗುರುತು ದೃಢೀಕರಣದ ಆಪ್‌ಗಳು ಕಾರ್ಯ ನಿರ್ವಹಿಸದೆ ಇರಬಹುದು. ಭದ್ರಾವತಿಯ ಕಾರ್ಖಾನೆಗಳ ನಿವೃತ್ತ ನೌಕರರು ಹಾಗೂ ಇತರ ಪಿಂಚಣಿದಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಪಿಂಚಣಿದಾರರ ಜೀವನ ಪ್ರಮಾಣ ಪತ್ರಕ್ಕೆ 2021ರ ನವೆಂಬರ್‌ನಿಂದ ಮುಖಚಹರೆಯ ಮೂಲಕ ದೃಢೀಕರಿಸುವ ಸೌಲಭ್ಯವಿದ್ದು, ಹಳೆಯ ಆವೃತ್ತಿಯ ದೂರವಾಣಿಗಳಲ್ಲಿ ಅದು ಲಭ್ಯವಾಗದಿರಬಹುದು. ಅಂತಹವರು ಬೆರಳಚ್ಚಿನ ಮೂಲಕ ಪ್ರಮಾಣ ಪತ್ರ ಸಲ್ಲಿಸಬಹುದಾಗಿದೆ. ಅಂಚೆ ಪಾವತಿ ಬ್ಯಾಂಕ್ ವತಿಯಿಂದ ಅಂಚೆಯವರು ಮನೆ ಬಾಗಿಲಿಗೆ ಬಂದು ನೀಡುವ ಈ ಸೇವೆಗೆ 70 ರೂ. ಶುಲ್ಕ ನಿಗದಿಯಾಗಿತ್ತು, ಚಾಲ್ತಿಯಲ್ಲಿರುವ ದರವನ್ನು ಅಂಚೆ ಕಚೇರಿಯಲ್ಲಿ ವಿಚಾರಿಸುವುದು. ಇದಕ್ಕಾಗಿ ಹೊಸ ದೂರವಾಣಿಯ ಖರೀದಿ ಅಗತ್ಯವಿಲ್ಲ.

7. ಸಿಮ್ ಮತ್ತು ಸೇವಾದಾತ ಸಂಸ್ಥೆಯ ಬದಲಾವಣೆ: ಕಾಲಾವಧಿ

ಅರ್ಜಿಗೆ ಕೊನೆಯ ದಿನಾಂಕವು ಸಮೀಪಿಸಿರುವಾಗ ಈ ಕೆಳಕಂಡ ಕಾಲಾವಧಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅತ್ಯವಶ್ಯ.

• ಸಿಮ್ ಬದಲಾವಣೆ: ಕಳೆದುಹೋದ, ಹಾಳಾದ ಅಥವಾ ಹಳೆಯ ಸಿಮ್‌ಗೆ ಬದಲಾಗಿ ಅದೇ ಸಂಖ್ಯೆಯ ಹೊಸ ಸಿಮ್ ಪಡೆದಲ್ಲಿ, ವಂಚನೆ ತಡೆಯುವ ಉದ್ದೇಶದಿಂದ ಮೊದಲ 24 ಗಂಟೆಗಳ ಕಾಲ ಕಿರುಸಂದೇಶ ಸೇವೆಯನ್ನು ತಡೆಹಿಡಿಯಲಾಗುತ್ತದೆ. ಈ ಅವಧಿಯಲ್ಲಿ ಒ.ಟಿ.ಪಿ. ಬರುವುದಿಲ್ಲ.
• ಸಂಸ್ಥೆಯ ಬದಲಾವಣೆ: ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆಯನ್ನು ಬದಲಾಯಿಸುವ ಸೌಲಭ್ಯವು 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಇಂಗ್ಲಿಷ್‌ನಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಸ್ಥಳ ಬಿಟ್ಟು, ಮೊಬೈಲ್ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದಲ್ಲಿ ಸಂಕೇತಾಕ್ಷರವೊಂದು ಬರುತ್ತದೆ. ಅದು ಕರ್ನಾಟಕದಲ್ಲಿ 4 ದಿನಗಳವರೆಗೆ ಮಾನ್ಯ. ರಾಜ್ಯದೊಳಗಿನ ಬದಲಾವಣೆಗೆ 3 ಕೆಲಸದ ದಿನಗಳು ಹಾಗೂ ಬೇರೆ ವಲಯದ ಸಂಖ್ಯೆಗೆ 5 ಕೆಲಸದ ದಿನಗಳು ನಿಗದಿಯಾಗಿವೆ.
• 90 ದಿನಗಳ ಷರತ್ತು: ಸಂಪರ್ಕ ಪಡೆದ ಅಥವಾ ಹಿಂದಿನ ಬಾರಿ ಸಂಸ್ಥೆ ಬದಲಾಯಿಸಿದ ದಿನದಿಂದ 90 ದಿನಗಳು ಪೂರ್ಣಗೊಂಡಿರತಕ್ಕದ್ದು.
• 7 ದಿನಗಳ ಷರತ್ತು: 2024ರ ಜುಲೈ 1ರಿಂದ, ಸಿಮ್ ಬದಲಾಯಿಸಿದ 7 ದಿನಗಳೊಳಗೆ ಸಂಸ್ಥೆಯನ್ನು ಬದಲಾಯಿಸಲು ಅವಕಾಶವಿರುವುದಿಲ್ಲ.

ಸಂಸ್ಥೆಯನ್ನು ಬದಲಾಯಿಸುವ ಮೊದಲು, ಹೊಸ ಸಂಸ್ಥೆಯ ಸಿಮ್ ಹೊಂದಿರುವ ನೆರೆಹೊರೆಯವರ ದೂರವಾಣಿಯನ್ನು ತಮ್ಮ ಮನೆಯೊಳಗೆ ಒಮ್ಮೆ ಪರೀಕ್ಷಿಸುವುದು ಉಪಯುಕ್ತ. ಯಾವ ಪ್ರದೇಶದಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ಸೇವಾದಾತ ಸಂಸ್ಥೆಗಳು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಿವೆ.

8. ಸಂಕೇತದ ಕೊರತೆ ಬಗ್ಗೆ ದೂರು

ಮೊಬೈಲ್ ಸೇವೆಯ ದೂರನ್ನು ಮೊದಲು ಸಂಬಂಧಿಸಿದ ಸಂಸ್ಥೆಯ ದೂರು ಕೇಂದ್ರ 198ಕ್ಕೆ ಸಲ್ಲಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಪರಿಹಾರವು ತೃಪ್ತಿಕರವಾಗಿಲ್ಲದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದಾಗಿದ್ದು, 39 ದಿನಗಳೊಳಗೆ ಅದನ್ನು ಇತ್ಯರ್ಥಪಡಿಸತಕ್ಕದ್ದು. ದೂರಿನ ಸಂಖ್ಯೆಯಿಲ್ಲದ ಮೇಲ್ಮನವಿಗೆ ಆಧಾರವಿರುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ಸೇವೆಯು 24 ಗಂಟೆಗಳಿಗೂ ಹೆಚ್ಚು ಕಾಲ ಸ್ಥಗಿತಗೊಂಡಲ್ಲಿ, 2024ರ ಸೇವಾ ಗುಣಮಟ್ಟ ನಿಯಮಾವಳಿಯನ್ವಯ ಗ್ರಾಹಕರಿಗೆ ಬಾಡಿಗೆ ರಿಯಾಯಿತಿ ಅಥವಾ ಸಿಂಧುತ್ವ ವಿಸ್ತರಣೆ ದೊರೆಯುತ್ತದೆ. ನೈಸರ್ಗಿಕ ವಿಕೋಪದ ಸಂದರ್ಭಕ್ಕೆ ಇದು ಅನ್ವಯಿಸುವುದಿಲ್ಲ.

9. ಮೊಬೈಲ್ ಇಲ್ಲದೆ ಸೇವೆ ಪಡೆಯುವುದು

ಸೇವೆ ಪಡೆಯಲು ಸ್ಮಾರ್ಟ್‌ಫೋನ್ ಹೊಂದಿರುವುದು ಕಡ್ಡಾಯವಲ್ಲ. ನಗರ ಪ್ರದೇಶದಲ್ಲಿ ಕರ್ನಾಟಕ ಒನ್ ಕೇಂದ್ರಗಳು, ಗ್ರಾಮೀಣ ಪ್ರದೇಶದಲ್ಲಿ ಗ್ರಾಮ ಒನ್ ಕೇಂದ್ರಗಳು ಮತ್ತು ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಬೆರಳಚ್ಚಿನ ಮೂಲಕ ದೃಢೀಕರಿಸಲು ಅವಕಾಶವಿರುವ ಸೇವೆಗಳಲ್ಲಿ ಒ.ಟಿ.ಪಿ. ಇಲ್ಲದೆಯೂ ಅರ್ಜಿ ಪೂರ್ಣಗೊಳ್ಳುತ್ತದೆ.

ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಜಿ.ಎಸ್.ಸಿ. ಸಂಖ್ಯೆಯಿರುವ ಸ್ವೀಕೃತಿ ಪತ್ರವನ್ನು ಮುದ್ರಿತ ರೂಪದಲ್ಲಿಯೇ ಕೇಳಿ ಪಡೆಯುವುದು. ನಿಗದಿತ ಕಾಲಮಿತಿಯಲ್ಲಿ ಸೇವೆ ದೊರೆಯದಿದ್ದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ವೆಚ್ಚ ಕೋರಲು 2011ರ ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮದಲ್ಲಿ ಅವಕಾಶವಿದೆ. ಈ ಕಾಲಮಿತಿಯು ಸ್ವೀಕೃತಿಯಿಂದ ಆರಂಭವಾಗುವುದರಿಂದ, ಒ.ಟಿ.ಪಿ. ಬಾರದೆ ಅರ್ಧಕ್ಕೆ ನಿಂತ ಅರ್ಜಿಗೆ ಈ ರಕ್ಷಣೆ ಇರುವುದಿಲ್ಲ. ಆದುದರಿಂದ ಮನೆಯಲ್ಲಿ ಅರ್ಜಿ ಪೂರ್ಣಗೊಳ್ಳದಿದ್ದಲ್ಲಿ ವಿಳಂಬಿಸದೆ ಕೇಂದ್ರಕ್ಕೆ ಭೇಟಿ ನೀಡುವುದು. ಕುಂದುಕೊರತೆಗಳಿಗೆ ರಾಜ್ಯ ಸರ್ಕಾರದ ಸಹಾಯವಾಣಿ: 1902.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಕರೆಗಳು ಬರುತ್ತಿವೆ, ಒ.ಟಿ.ಪಿ. ಮಾತ್ರ ಬರುತ್ತಿಲ್ಲ. ಏಕೆ?
ಉ: ದಾಖಲೆಯಲ್ಲಿರುವ ಸಂಖ್ಯೆಯು ಬೇರೆಯಾಗಿರಬಹುದು, ಸಿಮ್ ಬದಲಾಯಿಸಿ 24 ಗಂಟೆ ಕಳೆಯದಿರಬಹುದು ಅಥವಾ ದೂರವಾಣಿಯ ಸಂಗ್ರಹ ಸ್ಥಳವು ತುಂಬಿರಬಹುದು. ಸಂದೇಶಗಳ ‘ಸ್ಪ್ಯಾಮ್’ ವಿಭಾಗವನ್ನೂ ನೋಡುವುದು.

ಪ್ರ: ಜಾಹೀರಾತು ಸಂದೇಶ ಬಾರದಂತೆ 1909ರಲ್ಲಿ ನೋಂದಾಯಿಸಲಾಗಿದೆ. ಒ.ಟಿ.ಪಿ.ಯೂ ನಿಲ್ಲುತ್ತದೆಯೇ?
ಉ: ಇಲ್ಲ. ಆ ನೋಂದಣಿಯು ಜಾಹೀರಾತುಗಳಿಗೆ ಮಾತ್ರ ಅನ್ವಯಿಸುತ್ತದೆ.

ಪ್ರ: ಸಂದೇಶವು ಸರ್ಕಾರದಿಂದಲೇ ಬಂದಿದೆಯೆಂದು ತಿಳಿಯುವುದು ಹೇಗೆ?
ಉ: 2025ರಿಂದ ಸರ್ಕಾರಿ ಸಂದೇಶ ಕಳುಹಿಸುವವರ ಹೆಸರಿನ ಕೊನೆಯಲ್ಲಿ ಇಂಗ್ಲಿಷ್‌ನ ‘ಜಿ’ ಅಕ್ಷರವೂ, ಜಾಹೀರಾತು ಸಂದೇಶಕ್ಕೆ ‘ಪಿ’ ಅಕ್ಷರವೂ ಇರುತ್ತದೆ. ಹತ್ತು ಅಂಕಿಗಳ ಸಾಮಾನ್ಯ ಸಂಖ್ಯೆಯಿಂದ ಬಂದ ಸಂದೇಶದ ಕೊಂಡಿಯನ್ನು ಒತ್ತಬಾರದು.

ಪ್ರ: ಒ.ಟಿ.ಪಿ. ಬಾರದಿದ್ದಾಗ ‘ಮತ್ತೆ ಕಳುಹಿಸಿ’ ಎಂಬುದನ್ನು ಅನೇಕ ಬಾರಿ ಒತ್ತಬಹುದೇ?
ಉ: ಬೇಡ. ಹೊಸ ಸಂಖ್ಯೆ ಹೊರಟ ಕೂಡಲೇ ಸಾಮಾನ್ಯವಾಗಿ ಹಿಂದಿನದು ರದ್ದಾಗುತ್ತದೆ. ಸಂದೇಶಗಳು ತಡವಾಗಿ ಒಟ್ಟಿಗೆ ಬಂದಲ್ಲಿ ಕೊನೆಯದನ್ನು ಮಾತ್ರ ನಮೂದಿಸುವುದು.

ಪ್ರ: ಸಹಾಯ ಮಾಡುವುದಾಗಿ ಕರೆ ಮಾಡಿದವರಿಗೆ ಒ.ಟಿ.ಪಿ. ತಿಳಿಸಬಹುದೇ?
ಉ: ತಿಳಿಸಬಾರದು. ಯಾವುದೇ ಸರ್ಕಾರಿ ಕಚೇರಿಯು ದೂರವಾಣಿ ಕರೆ ಮಾಡಿ ಒ.ಟಿ.ಪಿ. ಕೇಳುವುದಿಲ್ಲ. ಹಣ ಕಳೆದುಕೊಂಡಿದ್ದಲ್ಲಿ ತಕ್ಷಣವೇ 1930ಕ್ಕೆ ಕರೆ ಮಾಡತಕ್ಕದ್ದು.

ವಿಶೇಷ ಸೂಚನೆ: ಶುಲ್ಕ ಮತ್ತು ಕಾಲಾವಧಿಗಳು ಸರ್ಕಾರದ ಹಾಗೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಆದೇಶಗಳಿಗೆ ಅನುಗುಣವಾಗಿ ಬದಲಾಗಬಹುದಾಗಿದೆ. ಅರ್ಜಿದಾರರು ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ವಾರ ಮೊದಲೇ ತಮ್ಮ ಮೊಬೈಲ್ ಸಂಖ್ಯೆ ಮತ್ತು ದೂರವಾಣಿಯನ್ನು ಪರಿಶೀಲಿಸಿಕೊಳ್ಳುವಂತೆ ಕೋರಲಾಗಿದೆ.